ಊರೇ ದೂರ ಇಟ್ಟ ಹುಡುಗನಿಗೆ ‘ಬಾ ತಮ್ಮಾ’ ಅನ್ನುವವರು ಯಾರು?

ಕೊಲೆಗಾರರ ಸಿನಿಮಾ ಅಂದರೆ ನಮ್ಮ ಕಡೆ ಹುಡುಗರು ಮೊಬೈಲಲ್ಲೇ ನೋಡಿ ಮುಗಿಸುತ್ತಾರೆ. ಇಂಗ್ಲಿಷ್ ಅರ್ಥವಾಗದಿದ್ದರೂ ನಡೆಯುತ್ತದೆ, ಕಿರುಚಾಟ ಎಲ್ಲ ಭಾಷೆಯಲ್ಲೂ ಒಂದೇ. ನಾವೂ ಶಂಕರಘಟ್ಟದಲ್ಲಿ ಕೂತು 2022ರ ‘ಹ್ಯಾಲೋವೀನ್ ಎಂಡ್ಸ್’ ನೋಡಿದೆವು. ಮುಖವಾಡ ಹಾಕಿಕೊಂಡು ಕೊಲ್ಲುವ ಮೈಕೆಲ್ ಮೈಯರ್ಸ್‌ನ ಕಥೆ 1978ರಿಂದಲೂ ನಡೆದುಕೊಂಡು ಬಂದಿದೆ. ಆದರೆ ಈ ಸಲ ನಮಗೆ ಹೆದರಿಕೆ ಹುಟ್ಟಿಸಿದ್ದು ಅವನಲ್ಲ. ಕೋರಿ ಅನ್ನುವ ಹುಡುಗನ ಊರು.

ಕೋರಿ ಒಂದು ರಾತ್ರಿ ಯಾರದೋ ಮನೆಯ ಮಗುವನ್ನು ನೋಡಿಕೊಳ್ಳಲು ಹೋಗಿರುತ್ತಾನೆ. ಮಗು ತಮಾಷೆಗೆ ಅವನನ್ನು ಅಟ್ಟದಲ್ಲಿ ಕೂಡಿಹಾಕುತ್ತದೆ. ಗಾಬರಿಯಲ್ಲಿ ಅವನು ಬಾಗಿಲು ಒದೆಯುತ್ತಾನೆ, ಮಗು ಮೇಲಿಂದ ಬಿದ್ದು ಸಾಯುತ್ತದೆ. ಕೋರ್ಟು ಅವನನ್ನು ಬಿಡುತ್ತದೆ, ಊರು ಬಿಡುವುದಿಲ್ಲ. ಎಲ್ಲಿ ಹೋದರೂ ಅವನು ಮಗು ಕೊಂದವನು. ಒಂದು ದಿನ ಪುಂಡ ಹುಡುಗರ ಕೈಗೆ ಸಿಕ್ಕಿ ಸೇತುವೆಯಿಂದ ಕೆಳಗೆ ಬೀಳುತ್ತಾನೆ. ಅಲ್ಲಿ ಮೋರಿಯಲ್ಲಿ ಅಡಗಿದ್ದ ಮೈಕೆಲ್ ಅವನ ಕುತ್ತಿಗೆ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೊಲ್ಲದೆ ಬಿಡುತ್ತಾನೆ. ಆಮೇಲೆ ಕೋರಿ ಅವನ ಜೊತೆಗೇ ಕೊಲ್ಲುವುದು ಕಲಿಯುತ್ತಾನೆ. ಕೊನೆಗೆ ಮುಖವಾಡ ಕಿತ್ತುಕೊಂಡು ತಾನೇ ಹಾಕಿಕೊಳ್ಳುತ್ತಾನೆ.

ಮೈಕೆಲ್ ಕಾಣಿಸಿಕೊಳ್ಳುವುದೇ ಕಡಿಮೆ ಅಂತ ಅನೇಕ ಅಭಿಮಾನಿಗಳು ಬೈದರು. ನಮಗೆ ಅದೇ ಸರಿ ಅನ್ನಿಸಿತು. ಆ ಹುಡುಗನ ಮೇಲೆ ಕನಿಕರ ಪಟ್ಟವರೂ ಇದ್ದರು, ಪ್ರೀತಿಸಿದ ಹುಡುಗಿಯೂ ಇದ್ದಳು. ಆದರೆ ಅವರು ಬರುವಷ್ಟರಲ್ಲಿ ತಡವಾಗಿತ್ತು.

ಅಮೆರಿಕದ ಕಥೆ, ನಮಗೇನು ಅನ್ನಬೇಡಿ. ಇಂಥ ಹುಡುಗನನ್ನು ನಮ್ಮ ಅಪ್ಪ ಅಮ್ಮಂದಿರು 1972ರಲ್ಲೇ ನೋಡಿದ್ದಾರೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’, ತ.ರಾ.ಸು. ಅವರ ಕಾದಂಬರಿಯಿಂದ ಬಂದದ್ದು. ಚಿತ್ರದುರ್ಗದ ರಾಮಾಚಾರಿ ಊರಿಗೆಲ್ಲ ತುಂಟ, ಒರಟ. ಅವನಲ್ಲಿ ಒಳ್ಳೆಯದನ್ನು ಕಂಡವರು ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ. ಇಲ್ಲಿ ಕೈ ಹಿಡಿದವನು ಕೊಲೆಗಾರನಲ್ಲ, ಮೇಷ್ಟ್ರು. ಆದರೂ ಕಥೆ ಸುಖವಾಗಿ ಮುಗಿಯಲಿಲ್ಲ. ಮೇಷ್ಟ್ರ ಮಾತಿಗೆ ಅವನು ಅಲಮೇಲುವನ್ನು ಬಿಟ್ಟುಕೊಟ್ಟ, ಅವಳ ಬಾಳು ಹಾಳಾಯಿತು. ಕೊನೆಗೆ ಬೆಟ್ಟದ ಮೇಲೆ ಆ ಮೇಷ್ಟ್ರೇ ಅವನ ಕೈಯಿಂದ ಸತ್ತರು. ಊರೆಲ್ಲ ಹೊರಬೇಕಾದ ಭಾರವನ್ನು ಒಬ್ಬ ಮೇಷ್ಟ್ರ ಹೆಗಲಿಗೆ ಹಾಕಿದರೆ ಹೀಗೇ ಆಗುತ್ತದೆ ಅಂತ ನಮಗೆ ಅನ್ನಿಸುತ್ತದೆ.

ನಮ್ಮ ಕಡೆ ಮೈಕೆಲ್ ಮುಖವಾಡ ಹಾಕಿಕೊಂಡು ಬರುವುದಿಲ್ಲ, ‘ಅಣ್ಣ’ ಆಗಿ ಬರುತ್ತಾನೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ದಿನಾ ಬೈಗುಳ. ಜಾತ್ರೆಯಲ್ಲಿ ಯಾರದೋ ಮೊಬೈಲ್ ಕಳೆದರೆ ಮೊದಲು ಬಾಯಿಗೆ ಬರುವುದು ಅವನ ಹೆಸರು. ‘ಅವನ ಸಹವಾಸ ಬೇಡ’ ಅಂತ ನಾವು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಆಗ ಒಬ್ಬ ಬಂದು ಟೀ ಕುಡಿಸುತ್ತಾನೆ, ಫೋನಿಗೆ ರೀಚಾರ್ಜ್ ಹಾಕಿಸುತ್ತಾನೆ, ಬೈಕಿನ ಕೀ ಕೊಡುತ್ತಾನೆ. ಮುಂದೊಂದು ದಿನ ಕೈಗೆ ಪೊಟ್ಟಣ ಕೊಟ್ಟು ‘ಇದನ್ನು ಅಲ್ಲಿ ಮುಟ್ಟಿಸಿ ಬಾ ತಮ್ಮಾ’ ಅನ್ನುತ್ತಾನೆ. ಸಿಕ್ಕಿಬೀಳುವವನು ತಮ್ಮ, ಅಣ್ಣ ಅಲ್ಲ.

ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ ಅನ್ನುವವರು ಒಂದು ಯೋಚಿಸಲಿ. 1995ರ ‘ಓಂ’ ಮತ್ತೆ ಮತ್ತೆ ಥಿಯೇಟರಿಗೆ ಬಂತು, ಊರೂರಲ್ಲಿ ಜನ ನೋಡಿದರು. ಎಲ್ಲರೂ ಲಾಂಗ್ ಹಿಡಿಯಲಿಲ್ಲ. ಸಿನಿಮಾ ಮುಗಿದ ಮೇಲೆ ಹುಡುಗನ ಪಕ್ಕ ಯಾರು ನಿಂತಿರುತ್ತಾರೆ ಅನ್ನುವುದೇ ಮುಖ್ಯ.

ಕಾನೂನಿಗೂ ಇದು ಗೊತ್ತು. 18 ವರ್ಷದೊಳಗಿನ ಮಕ್ಕಳನ್ನು ಅಪರಾಧಕ್ಕೆ ಬಳಸಿಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 95ನೇ ಸೆಕ್ಷನ್ನಿನಲ್ಲಿ 3ರಿಂದ 10 ವರ್ಷ ಜೈಲು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೇಸಿನಲ್ಲಿ ಸಿಕ್ಕ ಮಕ್ಕಳ ಹೆಸರು, ಫೋಟೊ, ಶಾಲೆ, ವಿಳಾಸ ಯಾವುದನ್ನೂ ಮಾಧ್ಯಮದಲ್ಲಿ ಹಾಕುವಂತಿಲ್ಲ. ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಪತ್ರಿಕೋದ್ಯಮ ಓದುವಾಗ ನಾವು ಇದನ್ನು ಕಲಿತೆವು. ಆದರೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ‘ಕಳ್ಳ ಸಿಕ್ಕಿದ’ ಅಂತ ಹುಡುಗನ ಫೋಟೊ ಬಂದಾಗ ನಮ್ಮಲ್ಲಿ ಎಷ್ಟು ಜನ ‘ಇದು ತಪ್ಪು, ತೆಗೀರಿ’ ಅಂದಿದ್ದೇವೆ? ಸುಮ್ಮನಿದ್ದ ದಿನಗಳೇ ಹೆಚ್ಚು. ಕೋರಿಯ ಊರು ಬಾಯಿಂದ ಮಾಡಿದ್ದನ್ನು ನಾವು ಬೆರಳಿನಿಂದ ಮಾಡುತ್ತಿದ್ದೇವೆ.

ತಪ್ಪು ಮಾಡಿದವನನ್ನು ತಲೆ ಮೇಲೆ ಕೂರಿಸಿಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಏಟು ತಿಂದವರ ನೋವೂ ದೊಡ್ಡದೇ, ಅವರಿಗೆ ನ್ಯಾಯ ಸಿಗಲೇಬೇಕು. ಆದರೆ ಹುಡುಗನಿಗೆ ವಾಪಸ್ ಬರಲು ಒಂದು ದಾರಿ ಇರಲಿ. ಫೇಲಾದವನಿಗೆ ಮತ್ತೆ ಪರೀಕ್ಷೆ ಇದೆ, ಫಾರಂ ತುಂಬಲು ಜೊತೆಗೆ ಹೋಗಿ. ಯಾರಾದರೂ ಮಕ್ಕಳನ್ನು ಕೆಟ್ಟ ಕೆಲಸಕ್ಕೆ ಎಳೆಯುತ್ತಿದ್ದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಗ್ರೂಪಿಗೆ ಅಂಥ ಫೋಟೊ ಬಂದರೆ ಮುಂದಕ್ಕೆ ಕಳಿಸಬೇಡಿ.

ಇವತ್ತು ಸಂಜೆ ನಿಮ್ಮೂರ ಬಸ್‌ಸ್ಟಾಪಿನಲ್ಲಿ ಅವನು ಒಬ್ಬನೇ ಕೂತಿದ್ದರೆ ಹೆಸರು ಹಿಡಿದು ಮಾತಾಡಿಸಿ. ‘ಊಟ ಆಯ್ತೇನೋ?’ ಅಂದರೂ ಸಾಕು. ನೀವು ಮಾತಾಡಿಸದಿದ್ದರೆ ಬೇರೆ ಯಾರೋ ಮಾತಾಡಿಸುತ್ತಾರೆ.