ವೆಸ್ಟೂ ವೆಸ್ಟೂ ಒಂದೇ ಕಣ್ರೀ

ವೈಟ್‌ಫೀಲ್ಡಿನ ಒಂದು ಪ್ರೀಸ್ಕೂಲು ನನ್ನ ನಾಲ್ಕು ವರ್ಷದ ಮಗಳ ಬಗ್ಗೆ ರಿಪೋರ್ಟ್ ಕಳಿಸಿದೆ. ಮಾತಿನ ಸದ್ದುಗಳ ವ್ಯತ್ಯಾಸ ಗುರುತಿಸೋದರಲ್ಲಿ ವೀಕ್ ಅಂತೆ. ಜೊತೆಗೊಂದು ಸಲಹೆ: ಮನೆಯಲ್ಲೂ ಇಂಗ್ಲಿಷೇ ಮಾತಾಡಿ.

ಏನು ಟೆಸ್ಟು ಅಂತ ವಿಚಾರಿಸಿದೆ. ಟೀಚರ್ ಎರಡು ಪದ ಹೇಳ್ತಾರೆ, ಮಗು 'ಸೇಮ್' ಅಥವಾ 'ಡಿಫರೆಂಟ್' ಅನ್ನಬೇಕು. ಬನಿಯನ್ನಿಗೆ ಅನ್ನೋ ವೆಸ್ಟ್, ಪಶ್ಚಿಮ ದಿಕ್ಕಿನ ವೆಸ್ಟ್. ಮಗಳು ಸೇಮ್ ಅಂದಿದ್ದಾಳೆ, ಮಾರ್ಕ್ಸ್ ಹೋಗಿದೆ. ಸ್ವಾಮೀ, ನಾನು ಈಗ ಬರೆದದ್ದನ್ನೇ ನೋಡಿ, ಎರಡಕ್ಕೂ ಒಂದೇ ಅಕ್ಷರ. ನಮಗಿರೋದು ಒಂದೇ ವಕಾರ. ಟೀಚರ್ ನನಗೆ ಹೇಳಿ ತೋರಿಸಿದಾಗ ಅವರ ಬಾಯಲ್ಲೂ ಎರಡೂ ಒಂದೇ ಥರ ಬಂತು. (ನನ್ನ ಬಾಯಲ್ಲೂ ಅಷ್ಟೇ ಬಿಡಿ.) ಕೇಳಿಸಿದ್ದನ್ನೇ ಹೇಳಿದ ಮಗುವಿಗೆ ಸೊನ್ನೆ!

ಈ ಥರದ ಪರೀಕ್ಷೆಗಳಲ್ಲಿ ಹೆಸರುವಾಸಿ ಅಮೆರಿಕದ ಜೋಸೆಫ್ ವೆಪ್‌ಮನ್ 1958ರಲ್ಲಿ ತಂದದ್ದು. 40 ಜೋಡಿ ಇಂಗ್ಲಿಷ್ ಪದ, ಅದರಲ್ಲಿ 10 ಜೋಡಿ ಬೇಕಂತಲೇ ಒಂದೇ. ಅದೂ ಐದರಿಂದ ಎಂಟು ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಎಷ್ಟೋ ಸಲ 'ಸೇಮ್' ಅಂದರೇನು ಅನ್ನೋದೇ ಸರಿಯಾಗಿ ಗೊತ್ತಿರಲ್ಲ. ಅಳೆಯೋಕೆ ಹೊರಟಿದ್ದು ಕಿವಿಯನ್ನ, ಅಳೆದದ್ದು ಇಂಗ್ಲಿಷನ್ನ.

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇನ್ನೊಂದು ವಿಷಯ ತೋರಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳು ಆರೆಂಟು ತಿಂಗಳಲ್ಲಿ ಹಿಂದಿಯ ತ–ಟ ವ್ಯತ್ಯಾಸ ಹಿಡಿಯುತ್ತವೆ, ವರ್ಷ ತುಂಬೋ ಹೊತ್ತಿಗೆ ಹೆಚ್ಚಿನವು ಅದನ್ನ ಬಿಟ್ಟುಕೊಡುತ್ತವೆ. ಅವನ್ನ ಯಾರೂ ವೀಕ್ ಅನ್ನಲಿಲ್ಲ. ಕಿವಿ ಮನೆಮಾತಿಗೆ ಹೊಂದಿಕೊಳ್ತಿದೆ ಅಂದರು. ನಮ್ಮ ಮಕ್ಕಳು ಅದನ್ನೇ ಮಾಡಿದರೆ ಮಾತ್ರ ತೊಂದರೆ, ಅಲ್ವಾ?

ಮನೇಲಿ ನಾನು ಚಿತ್ರ ಬರೆದು ಕೇಳಿದೆ. ಬಲೆ ಎಲ್ಲಿ, ಬಳೆ ಎಲ್ಲಿ? ಕತ್ತೆ ಯಾವುದು, ಕಟ್ಟೆ ಯಾವುದು? ಒಂದೂ ತಪ್ಪಲಿಲ್ಲ. ಹಾಗಂತ ಇದೇ ಚಿತ್ರ ಹಿಡಕೊಂಡು ಪೀಣ್ಯದ ಶೆಡ್ಡಿಗೆ ಹೋಗಿ, ಮೊನ್ನೆ ಬಿಹಾರದಿಂದ ಬಂದ ಮಗುವನ್ನ ಬಲೆ–ಬಳೆ ಕೇಳಿದರೆ ಅದೂ ಇಷ್ಟೇ ಅನ್ಯಾಯ. ಹಿಂದಿಯಲ್ಲಿ ಳಕಾರವೇ ಇಲ್ಲ.

ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಕನ್ನಡದ ಉಚ್ಚಾರಣೆ ಪರೀಕ್ಷೆ 1972ರಲ್ಲೇ ಬಂದಿದೆ. ತಿಳಿದವರು ಮೂರ್ನಾಲ್ಕು ತಾಸಿನ ದೂರದಲ್ಲಿದ್ದಾರೆ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು ತಗೊಳ್ಳೋರಿಗೆ ಒಂದು ಫೋನ್ ಮಾಡೋಕೂ ಬಿಡುವಿಲ್ಲ.

ನನ್ನ ಸಿಟ್ಟು ಮಗಳ ಮಾರ್ಕ್ಸಿಗಲ್ಲ. ಅದೇ ಕ್ಲಾಸಲ್ಲಿ ಪದೇ ಪದೇ ನೆಗಡಿಯಾಗಿ, ಕಿವಿಯೊಳಗೆ ನೀರು ತುಂಬಿ, ನಿಜವಾಗ್ಲೂ ಸರಿಯಾಗಿ ಕೇಳಿಸದ ಒಂದು ಮಗು ಇರಬಹುದು. ಅದಕ್ಕೆ ಬೇಕಾದದ್ದು ಮೊದಲು ಕಿವಿ ಪರೀಕ್ಷೆ, ಆಮೇಲೆ ಅದರ ಮನೆಮಾತಿನಲ್ಲಿ ಉಳಿದದ್ದು. ವೆಸ್ಟು–ವೆಸ್ಟು ಅಂತ ಅರ್ಧ ಕ್ಲಾಸನ್ನ ಫೇಲ್ ಮಾಡಿದ ಮೇಲೆ ಆ ಮಗುವನ್ನ ಹುಡುಕೋದು ಹೇಗೆ? ಅದರ ಅಪ್ಪ ಅಮ್ಮನೂ ಇವತ್ತು ಮನೇಲಿ ಇಂಗ್ಲಿಷ್ ಶುರು ಮಾಡಿರ್ತಾರೆ.