ಗಡ್ಡೆ ತೆಗೆಸಿದ ಮೇಲೆ ವರದಿಯನ್ನು ಮರೆಯಬೇಡಿ

ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಯ ಆಪರೇಶನ್ ಮುಗಿದು ಕೆಲವು ದಿನಗಳಾದ ಮೇಲೆ ಬಯಾಪ್ಸಿ ವರದಿ ಬರುತ್ತದೆ. “ಕ್ಯಾನ್ಸರ್ ಅಲ್ಲವಂತೆ, ಅಲ್‌ಹಮ್ದುಲಿಲ್ಲಾಹ್” ಎಂದು ನಿಟ್ಟುಸಿರು ಬಿಟ್ಟು ಅದನ್ನು ಎಲ್ಲೋ ಇಟ್ಟುಬಿಡುತ್ತೇವೆ. ಕೆಲವರು ಅದನ್ನು ತರಲು ಹೋಗುವುದೇ ಇಲ್ಲ. ಸಹೋದರಿಯರೇ, ಈ ಅಭ್ಯಾಸ ಬದಲಾಗಬೇಕು.

ಫೈಬ್ರಾಯ್ಡ್ ಬಹಳ ಸಾಮಾನ್ಯ. 50 ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಹಿಳೆಯರಲ್ಲಿ ಸಣ್ಣದೋ ದೊಡ್ಡದೋ ಗಡ್ಡೆ ಇರುತ್ತದೆ. ಬಹುತೇಕ ಅಪಾಯಕಾರಿಯಲ್ಲ. ಆದರೆ ಇವುಗಳಲ್ಲಿ ಅಪರೂಪದ ಬಗೆಗಳೂ ಇವೆ. ಜೀವಕೋಶಗಳು ಒತ್ತೊತ್ತಾಗಿ ತುಂಬಿರುವ ‘ಸೆಲ್ಯುಲರ್’ ಗಡ್ಡೆ ಒಂದು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಲಾಗದ ‘ಸ್ಟಂಪ್’ ಇನ್ನೊಂದು. ರಕ್ತನಾಳದೊಳಗೆ ಬಳ್ಳಿಯಂತೆ ಬೆಳೆಯುವ ಗಡ್ಡೆ ಮತ್ತೊಂದು. ಅತಿಯಾದ ಮುಟ್ಟು, ಹೊಟ್ಟೆಯ ಭಾರ, ಪದೇ ಪದೇ ಮೂತ್ರ ಬರುವುದು, ಸುಸ್ತು. ಹೀಗೆ ಎಲ್ಲದರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಸ್ಕ್ಯಾನಿಂಗ್‌ನಲ್ಲಿಯೂ ಹಲವು ಬಾರಿ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ಹೇಳುವುದು ಆ ವರದಿಯೇ.

ಗರ್ಭಕೋಶ ಉಳಿಸಿಕೊಂಡರೆ ಸಾಮಾನ್ಯ ಗಡ್ಡೆಯೂ ಮತ್ತೆ ಹುಟ್ಟಬಹುದು. ಆದರೆ ‘ಸ್ಟಂಪ್’ ಮತ್ತು ರಕ್ತನಾಳದೊಳಗಿನ ಗಡ್ಡೆ, ಗರ್ಭಕೋಶ ತೆಗೆದ ವರ್ಷಗಳ ನಂತರವೂ ಮರಳಿ ಬರಬಹುದು. ರಕ್ತನಾಳದ ಗಡ್ಡೆ ಅಪರೂಪಕ್ಕೆ ಹೃದಯದವರೆಗೂ ತಲುಪುತ್ತದೆ. ಆಗ ಏದುಸಿರು, ಕಾಲು ಬಾವು, ತಲೆಸುತ್ತಿ ಬೀಳುವುದು ಕಾಣಿಸಿಕೊಳ್ಳುತ್ತದೆ. ಹಳೆಯ ವರದಿ ಕೈಯಲ್ಲಿಲ್ಲದಿದ್ದರೆ ವೈದ್ಯರಿಗೆ ಇದು ಹೊಳೆಯುವುದಾದರೂ ಹೇಗೆ?

ಚಿಕ್ಕ ವಯಸ್ಸಿನಲ್ಲೇ ಅನೇಕ ಗಡ್ಡೆಗಳಿದ್ದು, ಚರ್ಮದಲ್ಲಿ ನೋಯುವ ಗಂಟುಗಳಿದ್ದರೆ ಅಥವಾ ಕುಟುಂಬದಲ್ಲಿ ಕಿಡ್ನಿ ಕ್ಯಾನ್ಸರ್ ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಇದು ವಂಶವಾಹಿನಿಯ ದೋಷದಿಂದಲೂ ಇರಬಹುದು. ಲ್ಯಾಪರೊಸ್ಕೋಪಿ ಮಾಡಿಸುವವರು, ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ತುಂಡರಿಸುತ್ತೀರಾ ಎಂದು ಮೊದಲೇ ಕೇಳಿ. ತುಣುಕುಗಳು ಚದುರಿ ಬೇರೆಡೆ ಬೆಳೆಯಬಹುದು. ಅಮೆರಿಕದ ಔಷಧ ಇಲಾಖೆ 2014ರಲ್ಲೇ ಈ ವಿಧಾನದ ಬಗ್ಗೆ ಎಚ್ಚರಿಸಿತ್ತು.

ನಮ್ಮ ದೊಡ್ಡ ಶತ್ರು ಸಂಕೋಚ. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ “ವಯಸ್ಸಿನದ್ದು” ಎಂದು ಅಡಗಿಸಿಡುವ ತಾಯಂದಿರಿದ್ದಾರೆ. ಫಾತಿಮಾ ಬಿಂತ್ ಅಬೂ ಹುಬೈಶ್(ರ) ತಮ್ಮ ನಿಲ್ಲದ ರಕ್ತಸ್ರಾವದ ಬಗ್ಗೆ ನೇರವಾಗಿ ಪ್ರವಾದಿವರ್ಯರನ್ನೇ(ಸ) ಕೇಳಿದ್ದರು. ಅದು ಮುಟ್ಟಲ್ಲ, ರಕ್ತನಾಳದ್ದು ಎಂದು ಪ್ರವಾದಿ(ಸ) ವಿವರಿಸಿದರು; ಮುಟ್ಟಿನ ದಿನಗಳು ಕಳೆದ ಮೇಲೆ ನಮಾಝ್ ಮಾಡಲು ತಿಳಿಸಿದರು. ಆ ಪ್ರಶ್ನೆಯಿಂದ ಇಸ್ತಿಹಾಝದ ನಿಯಮ ಇಡೀ ಸಮುದಾಯಕ್ಕೆ ಸಿಕ್ಕಿತು. ಅವರು ಕೇಳಬಹುದಾದರೆ ನಾವು ವೈದ್ಯರ ಮುಂದೆ ನಾಚುವುದೇಕೆ?

ಪತಿಯಂದಿರೇ, ಮಕ್ಕಳೇ, ಇದು ಹೆಂಗಸರ ವಿಷಯವೆಂದು ದೂರ ನಿಲ್ಲಬೇಡಿ. ವರದಿ ತನ್ನಿ, ಫೈಲಿನಲ್ಲಿಡಿ. ಇದು ಯಾವ ಬಗೆ, ಮರುಕಳಿಸಬಹುದೇ, ಮತ್ತೆ ಯಾವಾಗ ತಪಾಸಣೆಗೆ ಬರಬೇಕು ಎಂದು ವೈದ್ಯರನ್ನು ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಥವಾ ಗಡ್ಡೆ ಬೆಳೆದರೆ ಒಂದು ದಿನವೂ ತಡಮಾಡಬೇಡಿ. ದುಆ ಮಾಡೋಣ, ಜೊತೆಗೆ ಚಿಕಿತ್ಸೆಯನ್ನೂ ಮಾಡಿಸೋಣ. ದೇಹ ಅಲ್ಲಾಹನು ಒಪ್ಪಿಸಿದ ಅಮಾನತ್ತು.