ಮೆಟ್ಟಿಲಿಲ್ಲದ ಗಿಟಾರು, ಅಪ್ಪನ ಜೇಬು

ನಾಗಮಂಗಲದ ಕಡೆಯ ಒಂದು ಹಳ್ಳಿಮನೆಯನ್ನು ಊಹಿಸಿಕೊಳ್ಳಿ. ಅಟ್ಟದ ಮೇಲಿದ್ದ ಕೊಬ್ಬರಿ ತಿಪಟೂರಿಗೆ ಹೋಗಿ ದುಡ್ಡು ಕೈಗೆ ಬಂದಿದೆ. ಡೇರಿಯ ಹಾಲಿನ ಬಟವಾಡೆಯೂ ಆಗಿದೆ. ಮಗ ಬಿ.ಕಾಂ. ಎರಡನೆಯ ವರ್ಷ. ಗಣೇಶನ ಹಬ್ಬ ಬಂತೆಂದರೆ ರಸಮಂಜರಿ ತಂಡದಲ್ಲಿ ಯಾರದೋ ಬೇಸ್ ಗಿಟಾರನ್ನು ಎರವಲು ಪಡೆದು ನುಡಿಸುವವನು. ರಾತ್ರಿ ಊಟಕ್ಕೆ ಕೂತಾಗ ಅವನು ಮಾತು ತೆಗೆಯುತ್ತಾನೆ. ತನಗೊಂದು ಫ್ರೆಟ್‌ಲೆಸ್ ಬೇಸ್ ಬೇಕು, ಜೊತೆಗೆ ಆಂಪ್ಲಿಫೈಯರೂ ಬೇಕು.

"ಅದೇನ್ಲಾ ಅದು ಫ್ರೆಟ್‌ಲೆಸ್ಸು?"

"ಮೆಟ್ಟಿಲು ಇರಾಕಿಲ್ಲ ಕಣಪ್ಪ."

"ಮೆಟ್ಟಿಲೇ ಇಲ್ದಿದ್ದ ಮೇಲೆ ರೇಟು ಕಮ್ಮಿ ಇರ್ಬೇಕಲ್ವಾ?"

ಅಪ್ಪನ ಪ್ರಶ್ನೆ ನಗು ತರಿಸೀತು. ಆದರೆ ಅದರಲ್ಲಿ ತಪ್ಪೇನಿಲ್ಲ. ಬೆಲೆ ಕಡಿಮೆಯಾಗುವುದಿಲ್ಲ, ಎಷ್ಟೋ ಸಲ ಹೆಚ್ಚೇ ಇರುತ್ತದೆ. ಕೊಳ್ಳುವವರು ಕಡಿಮೆ, ಹಾಗಾಗಿ ತಯಾರಿಸುವವರೂ ಕಡಿಮೆ. ಅಂಗಡಿಯ ಗೋಡೆಗೆ ಹತ್ತು ಬೇಸ್ ಗಿಟಾರು ತೂಗುಹಾಕಿದ್ದರೆ ಅದರಲ್ಲಿ ಮೆಟ್ಟಿಲಿಲ್ಲದ್ದು ಒಂದೂ ಇಲ್ಲದಿರುವ ಸಂಭವವೇ ಹೆಚ್ಚು. ಹೇಳಿ ತರಿಸಬೇಕು. ತರಿಸಿದ್ದನ್ನು ನುಡಿಸಿ ನೋಡದೆ ಕೊಳ್ಳಬೇಕು. ಸಾಮಾನ್ಯ ಸಂಸಾರದ ದುಡ್ಡು ಎಡವುವುದು ಇಲ್ಲೇ.

ಹಾಗಾದರೆ ಹುಡುಗ ಕೇಳುತ್ತಿರುವುದು ಏನನ್ನು? ವೀಣೆ ಕಂಡವರಿಗೆ ವಿವರಿಸುವುದು ಸುಲಭ. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಿರುತ್ತವೆ. ಗಿಟಾರಿನಲ್ಲೂ ಹಾಗೆಯೇ, ಮೇಣಕ್ಕೆ ಬದಲು ಮರದಲ್ಲಿ ಗೀರು ಕೊಯ್ದು ಲೋಹದ ತಂತಿಯನ್ನು ಬಡಿದು ಕೂರಿಸಿರುತ್ತಾರೆ. (ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲದವರಿಗೆ ಇದು ರುಚಿಸಬಹುದು: ಆ ತಂತಿಯನ್ನು 'ನಿಕ್ಕಲ್ ಸಿಲ್ವರ್' ಎನ್ನುತ್ತಾರಾದರೂ ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ತಾಮ್ರ, ಸತು, ನಿಕ್ಕಲ್. ಹಿತ್ತಾಳೆಯ ದಾಯಾದಿ ಅಷ್ಟೆ.) ಬೆರಳು ಮೆಟ್ಟಿಲಿನ ಹಿಂದೆ ಎಲ್ಲಿ ಒತ್ತಿದರೂ ಸ್ವರ ತನ್ನ ಜಾಗದಲ್ಲೇ ಬರುತ್ತದೆ. ಮೆಟ್ಟಿಲು ಕಿತ್ತುಹಾಕಿ. ಆಗ ಅದು ಪಿಟೀಲಿನ ಜಾತಿಗೆ ಸೇರುತ್ತದೆ. ಸ್ವರದ ಜಾಗವನ್ನು ಕಿವಿಯೇ ಹುಡುಕಬೇಕು, ಬೆರಳು ಅಲ್ಲಿಗೇ ಹೋಗಿ ನಿಲ್ಲಬೇಕು. ಪ್ರತಿಫಲವಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು, ಗಮಕ ಹಿಡಿಯಬಹುದು. ನಮ್ಮ ಸಂಗೀತದ ಕಿವಿಯಿರುವವರಿಗೆ ಈ ವಾದ್ಯ ಹತ್ತಿರವೆನಿಸುವುದು ಅದಕ್ಕೇ.

ಇದರ ಚರಿತ್ರೆಯಲ್ಲಿ ಒಂದು ತಮಾಷೆಯಿದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಬೇಸ್ ಗಿಟಾರಿಗೆ 'ಪ್ರಿಸಿಷನ್' ಎಂದು ಹೆಸರಿಟ್ಟ. ಪ್ರಿಸಿಷನ್ ಎಂದರೆ ನಿಖರತೆ. ಆಳೆತ್ತರದ ಡಬಲ್ ಬೇಸ್‌ನಲ್ಲಿ ಮೆಟ್ಟಿಲಿಲ್ಲದೆ ಶ್ರುತಿ ತಪ್ಪುತ್ತಿದ್ದ ವಾದಕರಿಗೆ ಮೆಟ್ಟಿಲು ಕೊಟ್ಟದ್ದೇ ಅದರ ಹೆಗ್ಗಳಿಕೆಯಾಗಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಮೆಟ್ಟಿಲನ್ನು ಕಿತ್ತುಹಾಕುವವರು ಹುಟ್ಟಿಕೊಂಡರು. ಮುಂದೆ ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಹೆಸರು ಮಾಡಿದ ಬಿಲ್ ವೈಮನ್ 1961ರಲ್ಲಿ ತನ್ನ ಅಗ್ಗದ ಗಿಟಾರಿನ ಮೆಟ್ಟಿಲುಗಳನ್ನು ಕಿತ್ತ. ಹೊಸವನ್ನು ಹಾಕಿಸಬೇಕೆಂದಿದ್ದವನು ನಾದ ಕೇಳಿದ ಮೇಲೆ ಹಾಗೆಯೇ ಬಿಟ್ಟ. ಅಂಪೆಗ್ ಕಂಪನಿ 1966ರಲ್ಲಿ, ಫೆಂಡರ್ 1970ರಲ್ಲಿ ಮೆಟ್ಟಿಲಿಲ್ಲದ್ದನ್ನು ಮಾಡಿ ಮಾರಿದವು. ಲೋಕವೆಲ್ಲ ತಿರುಗಿ ನೋಡಿದ್ದು ಮಾತ್ರ 1976ರಲ್ಲಿ, ಜಾಕೊ ಪಾಸ್ಟೋರಿಯಸ್ ಎಂಬ 24ರ ತರುಣನ ಮೊದಲ ಧ್ವನಿಮುದ್ರಿಕೆ ಬಂದಾಗ. ಬೆಣ್ಣೆ ಸವರುವ ಚಾಕುವಿನಿಂದ ಮೆಟ್ಟಿಲು ಕಿತ್ತು, ಗೀರುಗಳಿಗೆ ಮರದ ಲಪ್ಪ ತುಂಬಿ, ದೋಣಿಗೆ ಹಚ್ಚುವ ಇಪಾಕ್ಸಿ ಬಳಿದೆನೆಂದು ಅವನು ಹೇಳಿಕೊಳ್ಳುತ್ತಿದ್ದ. ಕಾಸಿಲ್ಲದವನ ಉಪಾಯ. ನಾಗಮಂಗಲದ ಹುಡುಗನಿಗೂ ಅದರಿಂದ ಪ್ರಯೋಜನವಿದೆ, ಆ ಮಾತಿಗೆ ಆಮೇಲೆ ಬರೋಣ.

ಮೊದಲು ಹೆತ್ತವರ ಅನುಮಾನ. ಕಲಿಯುವ ಹುಡುಗನಿಗೆ ಇದು ಕೈಗೆಟುಕುವ ವಿದ್ಯೆಯೇ? ಲೆಕ್ಕ ಹಾಕಿ ನೋಡಿ. ಸಾಮಾನ್ಯ ಬೇಸ್ ಗಿಟಾರಿನ ತಂತಿಯ ಉದ್ದ 34 ಅಂಗುಲ, ಅಂದರೆ ಸುಮಾರು 864 ಮಿಲಿಮೀಟರ್. ಮೊದಲ ಅರ್ಧಸ್ವರಕ್ಕೆ ಬೆರಳು 48 ಮಿಲಿಮೀಟರ್ ಸರಿಯಬೇಕು. ಪಿಟೀಲಿನಲ್ಲಿ ಅದೇ ಅರ್ಧಸ್ವರ 18 ಮಿಲಿಮೀಟರಿನಲ್ಲಿ ಮುಗಿದುಹೋಗುತ್ತದೆ. ಎಂದರೆ ಪಿಟೀಲು ಕಲಿಯುವ ಎಂಟು ವರ್ಷದ ಮಗು ಎದುರಿಸುವ ಕಷ್ಟಕ್ಕಿಂತ ಇಲ್ಲಿನ ಕಷ್ಟ ಕಡಿಮೆಯೇ. ಆದರೆ ಮೇಲಿನ ಸ್ಥಾಯಿಗೆ ಹೋದಂತೆ ಜಾಗ ಕಿರಿದಾಗುತ್ತದೆ. ತಂತಿಯ ನಡುಮಧ್ಯದಲ್ಲಿ, 432ನೇ ಮಿಲಿಮೀಟರಿನ ಆಚೆ, ಅರ್ಧಸ್ವರಕ್ಕೆ ಸಿಗುವುದು ಬರೀ 24 ಮಿಲಿಮೀಟರ್. ಅಲ್ಲಿ ಬೆರಳು ಎರಡು ಮಿಲಿಮೀಟರ್ ತಪ್ಪಿದರೆ ಅಪಶ್ರುತಿ ಇಮ್ಮಡಿ.

ಆದ್ದರಿಂದ ಮೊದಲ ವಾದ್ಯಕ್ಕೆ 'ಗೆರೆಯಿರುವ' ಫ್ರೆಟ್‌ಲೆಸ್ ಒಳ್ಳೆಯದು. ಮೆಟ್ಟಿಲು ಇರಬೇಕಾದ ಜಾಗದಲ್ಲಿ ತಿಳಿಬಣ್ಣದ ಗೆರೆಯೆಳೆದಿರುತ್ತಾರೆ. ದೊಡ್ಡ ವಾದಕರಂತೆ ಕಾಣಬೇಕೆಂದು ಗೆರೆಯಿಲ್ಲದ ನುಣುಪು ಹಲಗೆಗೆ ಹುಡುಗರು ಆಸೆಪಡುತ್ತಾರೆ. ಜಾಕೊನ ಗಿಟಾರಿನಲ್ಲೇ ಗೆರೆಗಳು ಕಾಣುತ್ತಿದ್ದವೆಂದು ಅವರಿಗೆ ನೆನಪಿಸಿದರಾಯಿತು. ದಿನವೂ ಅರ್ಧ ಗಂಟೆ ತಂಬೂರಿಯ ಶ್ರುತಿ ಹಾಕಿಕೊಂಡು ನಿಧಾನವಾಗಿ ಸರಳೆ ನುಡಿಸಿದರೆ ಕಿವಿ ತಾನಾಗಿ ಪಳಗುತ್ತದೆ. ತಂಬೂರಿ ಈಗ ಮೊಬೈಲಿನಲ್ಲೇ ಪುಕ್ಕಟೆ ಸಿಗುವುದರಿಂದ ಅದಕ್ಕೆ ಖರ್ಚಿಲ್ಲ.

ಇನ್ನೊಂದು ಪ್ರಶ್ನೆಯನ್ನು ಮನೆಯಲ್ಲೇ ಕೂತು ನೇರವಾಗಿ ಕೇಳಿಕೊಳ್ಳಬೇಕು. ಹುಡುಗ ಇದರಿಂದ ನಾಲ್ಕು ಕಾಸು ದುಡಿಯಬೇಕೆಂದಿದ್ದಾನೆಯೇ? ಹಾಗಿದ್ದರೆ ಊರಹಬ್ಬದ ರಸಮಂಜರಿಯಲ್ಲಿ ಬೇಕಾಗುವುದು ಮೆಟ್ಟಿಲಿರುವ ಬೇಸೇ. ಗದ್ದಲದ ವೇದಿಕೆಯಲ್ಲಿ ತನ್ನ ಸ್ವರ ತನಗೇ ಕೇಳಿಸದಿರುವಾಗ ಮೆಟ್ಟಿಲು ಕಾಪಾಡುತ್ತದೆ. ಫ್ರೆಟ್‌ಲೆಸ್ ಮಾತ್ರ ಇಟ್ಟುಕೊಂಡವನನ್ನು ಕುಣಿತದ ಹಾಡಿಗೆ ಕರೆಯುವ ತಂಡ ಕಡಿಮೆ. ಒಂದೇ ವಾದ್ಯಕ್ಕೆ ದುಡ್ಡಿರುವ ಮನೆಯಲ್ಲಿ ಈ ಮಾತನ್ನು ಮರೆಯುವಂತಿಲ್ಲ.

ಜಾಕೊನ ಚಾಕು ನೆನಪಾಗುವುದು ಇಲ್ಲಿ. ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಮೆಟ್ಟಿಲಿನ ಬೇಸನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹುಡುಕಿ ಕೊಳ್ಳುವುದು, ಒಂದೆರಡು ವರ್ಷ ಅದರಲ್ಲೇ ನುಡಿಸಿ ಒಂದಿಷ್ಟು ಸಂಪಾದಿಸುವುದು, ಆಮೇಲೂ ಫ್ರೆಟ್‌ಲೆಸ್ ಹುಚ್ಚು ಬಿಡದಿದ್ದರೆ ಅದರ ಮೆಟ್ಟಿಲು ತೆಗೆಸುವುದು. ಸಾಧಾರಣ ವರಮಾನದ ಮನೆಗೆ ಎಲ್ಲಕ್ಕಿಂತ ಸೂಕ್ತವಾದ ದಾರಿ ಇದೇ. ಎಚ್ಚರವೆಂದರೆ, ಊರಿನ ಬಡಗಿಯ ಹತ್ತಿರ ಇಕ್ಕಳ ಕೊಟ್ಟು ಕೀಳಿಸಬಾರದು. ಮೆಟ್ಟಿಲನ್ನು ಸಾಲ್ಡರಿಂಗ್ ಕಬ್ಬಿಣದಿಂದ ಬಿಸಿ ಮಾಡಿ ಮೆಲ್ಲಗೆ ಎತ್ತಬೇಕು, ಗೀರುಗಳಿಗೆ ತೆಳು ಮರದ ಪಟ್ಟಿ ಸೇರಿಸಿ ಅಂಟಿಸಬೇಕು, ಹಲಗೆಯನ್ನು ಮಟ್ಟಸವಾಗಿ ಉಜ್ಜಬೇಕು. ಮೆಟ್ಟಿಲು ಹೋದಮೇಲೆ ತಂತಿಗಳು ಹಲಗೆಯಿಂದ ತೀರ ಎತ್ತರದಲ್ಲಿ ಉಳಿಯುವುದರಿಂದ ಎರಡೂ ತುದಿಯಲ್ಲಿ ತಗ್ಗಿಸಬೇಕು. ಗಿಟಾರು ರಿಪೇರಿಯನ್ನೇ ಕಸುಬು ಮಾಡಿಕೊಂಡವರು ಮಾಡಬೇಕಾದ ಕೆಲಸವಿದು. ತೆಗೆದ ಮೆಟ್ಟಿಲನ್ನು ಮತ್ತೆ ಹಾಕಿಸುವುದು ದುಬಾರಿ, ಮಾರಲು ಹೋದರೆ ಬೆಲೆಯೂ ಇಳಿದಿರುತ್ತದೆ.

ಹಲಗೆ ಎಂದಾಗ ನಮ್ಮ ಕಾಡಿನ ಮಾತೂ ಬರುತ್ತದೆ. ಲೋಕದ ಎಷ್ಟೋ ಗಿಟಾರುಗಳ ಬೆರಳುಹಲಗೆಗೆ ಹಾಕುವ 'ಇಂಡಿಯನ್ ರೋಸ್‌ವುಡ್' ಬೇರೆಯಲ್ಲ, ಪಶ್ಚಿಮಘಟ್ಟದ ಬೀಟೆ ಮರ. ಬೀಟೆ ಚೆನ್ನಾಗಿರುತ್ತದೆ, ಕರಿಮರ ಇನ್ನೂ ಗಟ್ಟಿ. ಮೆಟ್ಟಿಲಿಲ್ಲದಾಗ ತಂತಿ ಈ ಮರದ ಮೇಲೇ ನೇರವಾಗಿ ಉಜ್ಜುತ್ತದೆ. ಗರಗಸದ ಹಾಗೆ ತರಿತರಿಯಿರುವ 'ರೌಂಡ್‌ವೌಂಡ್' ತಂತಿ ಹಾಕಿದರೆ ಕೆಲವೇ ವರ್ಷಗಳಲ್ಲಿ ಹಲಗೆಯಲ್ಲಿ ಗೆರೆ ಬೀಳುತ್ತದೆ. ನುಣುಪಾದ 'ಫ್ಲಾಟ್‌ವೌಂಡ್' ತಂತಿಗೆ ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಲೆಕ್ಕದಲ್ಲಿ ಎರಡನೆಯದೇ ಅಗ್ಗ.

ಅಂಗಡಿಯಲ್ಲಿ ನೋಡಬೇಕಾದ್ದು ಬಣ್ಣವನ್ನಲ್ಲ. ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಕತ್ತಿನ ಉದ್ದಕ್ಕೂ ನೋಡಿ, ತಿರುಚಿದ್ದರೆ ಅಲ್ಲಿಗೇ ಬಿಡಿ. ತುಸು ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು, ತಿರುಚಿದ್ದಕ್ಕೆ ಮದ್ದಿಲ್ಲ. ಒಂದೊಂದು ತಂತಿಯ ಮೇಲೂ ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಸ್ವರ ಹಿಡಿಯುತ್ತ ಹೋಗಿ. ಎಲ್ಲಾದರೂ ನಾದ ಥಟ್ಟನೆ ಸತ್ತಂತಾದರೆ ಇನ್ನೊಂದನ್ನು ಕೇಳಿ. ಗುಂಡಿಗಳನ್ನು ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ಸಣ್ಣ ದೋಷ, ಬೆಲೆ ಇಳಿಸಿ ಕೇಳಲು ನೆಪವಾದೀತು.

ಇನ್ನು ಆಂಪ್ಲಿಫೈಯರ್. ಧ್ವನಿ ಸಾಲದೆಂಬ ಕೊರಗು ಹಳೆಯದೇ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿಸಿದ್ದು, ಧ್ವನಿವರ್ಧಕ ಇನ್ನೂ ಬಳಕೆಗೆ ಬರದ ಕಾಲದಲ್ಲಿ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು. ಬೇಸ್‌ನದು ಇನ್ನೂ ಕಷ್ಟದ ಕಥೆ. ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಹೊರಡಿಸಲು ಸ್ಪೀಕರು ಬಹಳ ಗಾಳಿಯನ್ನು ತಳ್ಳಬೇಕು. ಲೀಡ್ ಗಿಟಾರಿನ ಪುಟ್ಟ ಆಂಪ್‌ಗೋ ಮನೆಯ ಟಿ.ವಿ. ಸ್ಪೀಕರಿಗೋ ಸಿಕ್ಕಿಸಿ ಜೋರು ಮಾಡಿದರೆ ಕಾಗದದ ಕೋನು ಹರಿದೀತು. ಮನೆಯ ಅಭ್ಯಾಸಕ್ಕೆ 15ರಿಂದ 30 ವಾಟಿನ ಬೇಸ್ ಆಂಪ್ ಸಾಕು. ಡ್ರಮ್ಸ್ ಜೊತೆ ನಿಲ್ಲಬೇಕಾದರೆ ನೂರು ವಾಟಾದರೂ ಬೇಕು, ಅದಕ್ಕೆ ಈಗಲೇ ಕೈಹಾಕಬೇಡಿ. ವೇದಿಕೆಯಲ್ಲಿ ಹೇಗೂ ಸೌಂಡ್‌ನವರ ಮಿಕ್ಸರಿಗೆ ಡಿಐ ಬಾಕ್ಸ್ ಮೂಲಕ ತಂತಿ ಹೋಗುತ್ತದೆ. ಅಂಗೈಯಗಲದ ಹೆಡ್‌ಫೋನ್ ಆಂಪ್ ಕೊಂಡರಂತೂ ಹಸು ಕರೆಯುವ ಹೊತ್ತಿಗೆ ಮಗ ನುಡಿಸಿದರೂ ಕೊಟ್ಟಿಗೆಯಲ್ಲಿ ಯಾರೂ ಬೆಚ್ಚುವುದಿಲ್ಲ.

ಬೆಲೆಗಳು ವರ್ಷಕ್ಕೊಂದಾಗುವುದರಿಂದ ಪಾಲು ಹೇಳುವುದೇ ಮೇಲು. ಕೈಯಲ್ಲಿರುವುದು 25 ಸಾವಿರವೆಂದಿಟ್ಟುಕೊಂಡರೆ 15 ಸಾವಿರ ವಾದ್ಯಕ್ಕೆ, ಆರು ಸಾವಿರ ಆಂಪ್‌ಗೆ. ಉಳಿದದ್ದು ತಂತಿ, ಚೀಲ, ಕೇಬಲ್ಲು ಮತ್ತು ರಿಪೇರಿಯವನಿಂದ ಒಮ್ಮೆ ಹದ ಮಾಡಿಸುವುದಕ್ಕೆ. ಈ ಕೊನೆಯ ಪಾಲನ್ನು ವಾದ್ಯಕ್ಕೇ ಸುರಿದುಬಿಡುವುದು ಎಲ್ಲರೂ ಮಾಡುವ ತಪ್ಪು. ಹದ ಮಾಡದ ದುಬಾರಿ ಫ್ರೆಟ್‌ಲೆಸ್‌ಗಿಂತ ಹದ ಮಾಡಿದ ಅಗ್ಗದ್ದು ಚೆನ್ನಾಗಿ ನುಡಿಯುತ್ತದೆ.

ಇನ್ನೊಂದು ಖರ್ಚಿದೆ, ಅದರಲ್ಲಿ ಚೌಕಾಸಿ ಕೂಡದು. ಗಿಟಾರಿನ ತಂತಿಗಳು ಆಂಪ್‌ನ ಅರ್ಥಿಂಗ್ ಜೊತೆ ಸೇರಿಕೊಂಡಿರುತ್ತವೆ. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ, ಮೂರನೇ ಪಿನ್ನು ಮುರಿದಿದ್ದರೆ, ಶಾಮಿಯಾನದಡಿ ಯಾರೋ ಎರಡು ತಂತಿ ತುರುಕಿ ಕರೆಂಟು ಎಳೆದಿದ್ದರೆ, ಒಂದು ಕೈಯಲ್ಲಿ ಗಿಟಾರು ಹಿಡಿದು ಇನ್ನೊಂದರಲ್ಲಿ ಮೈಕು ಮುಟ್ಟಿದವನ ಜೀವಕ್ಕೇ ಸಂಚಕಾರ. ಲೆಸ್ ಹಾರ್ವಿ ಎಂಬ ಸ್ಕಾಟ್ಲೆಂಡಿನ ಗಿಟಾರ್ ವಾದಕ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ಹೀಗೆ ಸತ್ತ. ಮನೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ, ಅರ್ಥಿಂಗ್ ಗುಂಡಿಗೆ ನೀರು ಹುಯ್ಯಿಸಿ. ಆಂಪ್ ಗುಂಯ್ ಎನ್ನುತ್ತಿದ್ದರೆ ಮೊದಲು ಅದನ್ನೇ ಪರೀಕ್ಷಿಸಿ. ನಮ್ಮ ಕರೆಂಟಿನ ಗುಂಯ್‌ಕಾರ ಸೆಕೆಂಡಿಗೆ 50 ಕಂಪನ. ದಪ್ಪ ತಂತಿಯ ಮೂರನೇ ಮೆಟ್ಟಿಲಿನ ಸ್ವರ 49. ಎರಡೂ ಒಟ್ಟಿಗೆ ಮೊಳಗಿದರೆ ಎಂಥ ಕಿವಿಯೂ ಶ್ರುತಿ ತಪ್ಪುತ್ತದೆ.

ದುಡ್ಡು ಕೊಡುವ ಮೊದಲು ಒಂದು ಸಂಜೆ ಅಪ್ಪ, ಮಗ ಇಬ್ಬರೂ ಕೂತು ಹಾಡು ಕೇಳಲಿ. ಶಂಕರ್‌ನಾಗ್ ನಿರ್ದೇಶಿಸಿದ 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ ಸಂಗೀತ ಅಪ್ಪನಿಗೆ ಬಾಯಿಪಾಠ ಇದ್ದೀತು. ಅದರಲ್ಲಿ ಗಾಯಕರನ್ನು ಬಿಟ್ಟು ಕೆಳಗಿನ ದನಿಯನ್ನಷ್ಟೇ ಹಿಂಬಾಲಿಸಿ ನೋಡಲಿ. ಆಮೇಲೆ ಎ.ಆರ್. ರೆಹಮಾನರ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದ ಚೆನ್ನೈನ ಕೀತ್ ಪೀಟರ್ಸ್ ಅವರ ಫ್ರೆಟ್‌ಲೆಸ್ ಕೇಳಿಸಲಿ. ಮೆಟ್ಟಿಲು ಇಲ್ಲದಿರುವುದಕ್ಕೆ ದುಡ್ಡು ಏಕೆಂದು ಅಪ್ಪನಿಗೆ ಆಗ ಬಿಡಿಸಿ ಹೇಳಬೇಕಾಗಲಿಕ್ಕಿಲ್ಲ.

ಕೊಂಡು ತರುವಾಗ ಪಾಂಡವಪುರದ ಮೇಲಿನ ಬಸ್ಸಿನಲ್ಲಿ ವಾದ್ಯವನ್ನು ಡಿಕ್ಕಿಗೆ ಹಾಕಬೇಡಿ, ಟಿಕೆಟ್ಟು ಕೇಳಿದರೆ ಕೊಟ್ಟು ತೊಡೆಯ ಮೇಲೇ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಹೆಂಚಿನ ಕೆಳಗೆ ಕಾಯುವ ಅಟ್ಟದಲ್ಲಿಡದೆ ನಡುಮನೆಯ ತಣ್ಣನೆಯ ಗೋಡೆಗೆ ತೂಗುಹಾಕಿ.